ಆರ್ಡಿಸ್ ಬ್ರೆಕ್ಕಿ ಹಾರಿಸದೆ ಬಿಟ್ಟ ಗುಂಡುಗಳು

ಮೊಂಟಾನಾದ ನಮ್ಮ ಬಕ್‌ಹಾರ್ನಿನಲ್ಲಿ ಐವತ್ತು ದಾಟದವರು ಯಾರೇ ಇರಲಿ, ಆರ್ಡಿಸ್ ಬ್ರೆಕ್ಕಿಯವರ ಕೈಯಡುಗೆ ಉಂಡು ಬೆಳೆದವರೇ. ಶಾಲೆಯ ಅಡುಗೆಮನೆಯಲ್ಲಿ ಅವರು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೌಟು ಹಿಡಿದವರು. ತಟ್ಟೆ ಹಿಡಿದು ಆ ಸಾಲಿನಲ್ಲಿ ನಾನೂ ನಿಂತಿದ್ದೇನೆ. ಹೊರಗೆ ಹಿಮ ಬೀಳುತ್ತಿರುವಾಗ ಮಾಂಸ, ಕಾಳು ಹಾಕಿ ಬೇಯಿಸಿದ ಬಿಸಿಬಿಸಿ ಚಿಲ್ಲಿ, ಅದರ ಪಕ್ಕಕ್ಕೆ ಅಂಗೈಯಗಲದ ದಾಲ್ಚಿನ್ನಿ ಬನ್ನು. ಈಗ ನನ್ನ ತಲೆ ನರೆತಿದೆ, ಕೌಂಟಿಯ ರಸ್ತೆಗಳಲ್ಲಿ ಹಿಮ ತಳ್ಳುವ ಗಾಡಿ ಓಡಿಸುತ್ತೇನೆ, ಮಕ್ಕಳು ಕೆಲಸಕ್ಕೆ ಸೇರಿದ್ದಾರೆ. ಆದರೂ ಎದುರಿಗೆ ಸಿಕ್ಕಾಗ ಬಾಯಿಗೆ ಬರುವುದು ‘ಮಿಸೆಸ್ ಬ್ರೆಕ್ಕಿ’ ಅಂತಲೇ. ಹೆಸರು ಹಿಡಿದು ಕರೆಯೋ ಧೈರ್ಯ ಇನ್ನೂ ಬಂದಿಲ್ಲ.

ಅಡುಗೆಯಲ್ಲಿ ಅವರದು ಪೂರ್ತಿ ಕೈಯಂದಾಜು. ಉಪ್ಪು ಎಷ್ಟು ಅಂದರೆ ಮುಷ್ಟಿ ತೋರಿಸುತ್ತಿದ್ದರು. ಅಳತೆಯ ಲೋಟ ಎಲ್ಲಿದೆ ಅಂತ ಹೊಸ ಸಹಾಯಕಿ ಕೇಳಿದರೆ, “ನಿನ್ನ ಮಣಿಕಟ್ಟಿನ ತುದೀಲಿ ನೇತಾಡ್ತಾ ಇದೆಯಲ್ಲ, ಅದೇ” ಅನ್ನುತ್ತಿದ್ದರು. ಇದೇ ಹೆಂಗಸು ಮನೆಗೆ ಹೋಗಿ, ಬಟ್ಟೆ ಒಗೆಯುವ ಕೋಣೆಯ ಮೂಲೆಯ ಬೆಂಚಿನಲ್ಲಿ ತನ್ನ ಕೋವಿಗೆ ತೋಟಾ ತುಂಬಲು ಕೂತರೆ ಆಳೇ ಬೇರೆ. ಅಲ್ಲಿ ಒಂದು ಚಿಟಿಕೆ ಕೋವಿಮದ್ದನ್ನು ಎರಡು ಸಲ ತೂಗದೆ ಸುರಿಯುತ್ತಿರಲಿಲ್ಲ.

ಒಮ್ಮೆ ನಾನು ಅದನ್ನೇ ಕೇಳಿದ್ದೆ. “ಅಲ್ಲಿ ಕೈಯಂದಾಜು, ಇಲ್ಲಿ ಮಾತ್ರ ಯಾಕೆ ಇಷ್ಟು ಮಡಿ?”

“ಸೂಪಲ್ಲಿ ಉಪ್ಪು ಹೆಚ್ಚಾದ್ರೆ ನೀವೆಲ್ಲ ಮುಖ ಸಿಂಡರಿಸ್ತಿದ್ರಿ, ಅಷ್ಟೇ ತಾನೆ? ಇಲ್ಲಿ ಹೆಚ್ಚಾದ್ರೆ ಸಿಂಡರಿಸೋಕೆ ಮುಖಾನೇ ಇರಲ್ಲ.”

ತಮಾಷೆಯಾಗಿ ಹೇಳಿದರೂ ಅದು ತಮಾಷೆಯ ಮಾತಲ್ಲ. ಅವರು ಹುಡುಗಿಯಾಗಿದ್ದಾಗ ಚಿಕ್ಕಪ್ಪ ಕ್ನೂಟ್, ಬೇಟೆಗೆ ಹೊರಡುವ ಗಡಿಬಿಡಿಯಲ್ಲಿ ಒಂದರ ಬದಲು ಇನ್ನೊಂದು ಮದ್ದು ತುಂಬಿಕೊಂಡು ಹೋಗಿದ್ದ. ಕೋವಿ ಅವನ ಕೆನ್ನೆಯ ಹತ್ತಿರವೇ ಒಡೆಯಿತು. ಅವನ ಎಡಗಣ್ಣು ಹೋಯಿತು. ಪಕ್ಕದಲ್ಲಿ ಸುಮ್ಮನೆ ನಿಂತಿದ್ದ ಅವನ ಗೆಳೆಯನ ಕುತ್ತಿಗೆಗೆ ಉಕ್ಕಿನ ಚೂರು ಹೊಕ್ಕಿತು. ಆ ಮನುಷ್ಯ ಬದುಕಿದ, ಆದರೆ ಆಮೇಲೆ ಯಾವತ್ತೂ ತಲೆ ಪೂರ್ತಿ ತಿರುಗಿಸಲಾಗಲಿಲ್ಲ. ಚರ್ಚಿನಲ್ಲಿ ಮುಂದಿನ ಬೆಂಚಿನಲ್ಲಿ ಕೂತ ಆ ಸೆಟೆದ ಕುತ್ತಿಗೆಯನ್ನು ನೋಡುತ್ತ ಆರ್ಡಿಸ್ ದೊಡ್ಡವರಾದರು.

ನಮ್ಮ ಊರಿನ ಹೊರಗೆ, ಎರಡು ಬೋಳು ದಿಣ್ಣೆಗಳ ನಡುವೆ, ಸಾವಿರ ಗಜದ ಗುರಿಮೈದಾನ ಇದೆ. ಹೊಡೆಯುವವರು ಈಚೆ ತುದಿಯಲ್ಲಿ ಚಾಪೆ ಹಾಸಿ ಮಲಗುತ್ತಾರೆ. ಆಚೆ ತುದಿಯಲ್ಲಿ ಕಾಂಕ್ರೀಟ್ ಗೋಡೆಯ ಹಿಂದೆ ಆಳದ ಗುಂಡಿ. ಅದರಲ್ಲಿ ಕೂತು ಗುರಿಹಲಗೆಯನ್ನು ಮೇಲೆತ್ತುವುದು, ಗುಂಡು ಹಾಯ್ದ ಮೇಲೆ ಕೆಳಗಿಳಿಸಿ ತೂತಿಗೆ ಬಿಲ್ಲೆ ಸಿಕ್ಕಿಸಿ ಮತ್ತೆ ಎತ್ತಿ ತೋರಿಸುವುದು ನನ್ನ ಕೆಲಸ. ನನ್ನ ಕಣ್ಣು ಹೊಡೆಯುವುದಕ್ಕೆ ಸಾಲದು. ಆದರೆ ಗುಂಡಿಯಲ್ಲಿ ಕೂತವನಿಗೆ ಗೊತ್ತಾಗುವಷ್ಟು ಹೊಡೆಯುವವನಿಗೂ ಗೊತ್ತಾಗುವುದಿಲ್ಲ. ಗುಂಡು ನೆತ್ತಿಯ ಮೇಲೆ ಚಾಟಿ ಬೀಸಿದ ಹಾಗೆ ಛಟೀರೆಂದು ಹೋಗುತ್ತದೆ. ಕೋವಿಯ ಸದ್ದು ಆಮೇಲೆ ಬರುತ್ತದೆ, ಆಕಳಿಸಿಕೊಂಡು.

ಅಂಗಡಿಯಲ್ಲಿ ಸಿಗುವ ತೋಟಾಗಳು ಜಿಂಕೆ ಹೊಡೆಯುವುದಕ್ಕೆ ಸಾಕು. ಸಾವಿರ ಗಜದಾಚೆ ಊಟದ ತಟ್ಟೆಯಷ್ಟಗಲದ ಜಾಗಕ್ಕೆ ಗುಂಡಿನ ಮೇಲೆ ಗುಂಡು ಇಳಿಸಬೇಕಾದರೆ ತೋಟಾವನ್ನು ಅವರವರೇ ಮಾಡಿಕೊಳ್ಳಬೇಕು. ಒಮ್ಮೆ ಹೊಡೆದ ಹಿತ್ತಾಳೆಯ ಖಾಲಿ ಕೊಳವೆಯನ್ನು ತೊಳೆದು, ಅಳತೆಗೆ ತಂದು, ತಳಕ್ಕೆ ಕಿಡಿ ಹಾರಿಸುವ ಕ್ಯಾಪು ಕೂರಿಸಿ, ಮದ್ದು ತೂಗಿ ಸುರಿದು, ಬಾಯಿಗೆ ಗುಂಡು ಒತ್ತಬೇಕು. ಕೋವಿ ಹೊಸದಾದರೆ ಹಳೆಯ ಲೆಕ್ಕ ನಡೆಯುವುದಿಲ್ಲ. ಒಂದೊಂದು ನಳಿಗೆಗೂ ಒಂದೊಂದು ನಾಲಗೆ. ಅದಕ್ಕೇನು ಹಿಡಿಸುತ್ತದೆ ಅಂತ ಮೊದಲಿಂದ ಹುಡುಕಬೇಕು.

ಅವರ ಹಳೆಯ ಕೋವಿಯ ನಳಿಗೆ ಸವೆದುಹೋಗಿತ್ತು. ನಿವೃತ್ತಿಯಾದ ಮೇಲೆ ಧೈರ್ಯ ಮಾಡಿ, ಬಿಲ್ಲಿಂಗ್ಸ್ ಪಟ್ಟಣದ ಕಡೆಯ, ಕೋವಿ ಮಾಡುವ ಒಬ್ಬ ಕುಶಲಕರ್ಮಿಗೆ ಹೊಸದೊಂದನ್ನು ಹೇಳಿದರು. ವರ್ಷದ ಮೇಲೆ ಕಾದ ನಂತರ, ಚಳಿಗಾಲದ ಕೊನೆಗೆ ಅದು ಬಂತು. ಉದ್ದನೆಯ, ಭಾರದ ನಳಿಗೆ, ವಾಲ್‌ನಟ್ ಮರದ ಹಿಡಿ.

ಗಂಡ ವೆಂಡೆಲ್ ಜೇನು ಸಾಕುವವ. ಮೆತ್ತಗಿನ ಮಾತು, ಸದ್ದು ಕಂಡರಾಗದು. ಪೆಟ್ಟಿಗೆ ಬಿಚ್ಚುವಾಗ ಅವರು ಬಾಗಿಲಲ್ಲಿ ಬಟ್ಟೆಬುಟ್ಟಿ ಹಿಡಿದು ನಿಂತಿದ್ದರಂತೆ.

“ನಮ್ಮ ಮದುವೆ ದಿನ ನನ್ನನ್ನ ಹೀಗೆ ನೋಡಿದ್ಯೇನೆ ಆರ್ಡಿಸ್?”

“ಅವತ್ತು ನಿನಗೂ ಇಷ್ಟು ಹೊಳಪಿತ್ತು ಬಿಡು.”

“ಅಂದ್ರೆ ಈಗಿಲ್ಲ?”

“ಈಗ ಪಕ್ಕಕ್ಕೆ ನಿಂತ್ಕೋ. ಬೆಳಕಿಗೆ ಅಡ್ಡ.”

ನೂರು ಗಜದಲ್ಲಿ ಮೊದಲು ಹೊಡೆದು ನೋಡಿದಾಗ ಐದು ಗುಂಡೂ ಒಂದೇ ತೂತು ಮಾಡಿದವು. ವೆಂಡೆಲ್‌ಗೆ ಸಂತೋಷವೋ ಸಂತೋಷ. ಮುಗಿಯಿತು, ಇನ್ನು ಕೋಣೆ ತನಗೆ ವಾಪಸ್ಸು ಸಿಗುತ್ತದೆ ಅಂದುಕೊಂಡರು.

“ನೂರು ಗಜದಲ್ಲಿ ಎಲ್ಲ ಕೋವೀನೂ ಸಂತನೇ,” ಅಂದರು ಆರ್ಡಿಸ್. “ದೂರ ಹೋದ್ಮೇಲೆ ತಾನೆ ಗುಣ ಗೊತ್ತಾಗೋದು.”

ಗೊತ್ತಾಯಿತು. ಹಿಮ ಕರಗಿ, ಹುಲ್ಲುಗಾವಲಲ್ಲಿ ಮೊದಲ ಹಕ್ಕಿಗಳು ಕೂಗುವ ಹೊತ್ತಿಗೆ ಸಾವಿರ ಗಜಕ್ಕೆ ಹೋದೆವು. ನಾನು ಗುಂಡಿಯಲ್ಲಿ. ಹಲಗೆ ಇಳಿಸಿ ನೋಡುತ್ತೇನೆ, ತೂತುಗಳು ಒಂದರ ಮೇಲೊಂದು ಏಣಿಯ ಹಾಗೆ ನಿಂತಿವೆ. ಅಡ್ಡಕ್ಕೆ ಹರಡಿದ್ದರೆ ಗಾಳಿಯನ್ನು ಬೈಯಬಹುದಿತ್ತು. ಹೀಗೆ ಮೇಲೆ ಕೆಳಗೆ ಹೋದರೆ ಗಾಳಿಯ ತಪ್ಪಲ್ಲ. ಒಂದು ಗುಂಡು ಜೋರಾಗಿ ಹೊರಟಿದೆ, ಇನ್ನೊಂದು ನಿಧಾನವಾಗಿ. ನೂರು ಗಜದಲ್ಲಿ ಆ ವ್ಯತ್ಯಾಸ ಕಾಣುವುದಿಲ್ಲ, ದೂರ ಹೋದಷ್ಟೂ ನಿಧಾನದ್ದು ಕೆಳಕ್ಕೆ ಬೀಳುತ್ತದೆ.

ಕಾಗದವನ್ನು ಅವರ ಕೈಗೆ ಕೊಟ್ಟೆ. ಅವರು ಅದನ್ನು ಮನೆಗೆ ಒಯ್ದು, ಒಗೆಯುವ ಕೋಣೆಯ ಹಗ್ಗಕ್ಕೆ ಕ್ಲಿಪ್ಪು ಹಾಕಿ, ವೆಂಡೆಲ್‌ನ ಅಂಗಿಗಳ ಪಕ್ಕ ನೇತುಹಾಕಿದರು. ವಾರ ಕಳೆದಂತೆ ಕಾಗದಗಳು ಹೆಚ್ಚಿದವು, ಅಂಗಿಗಳಿಗೆ ಜಾಗ ಇಲ್ಲವಾಯಿತು.

ಒಂದು ಸಲಕ್ಕೆ ಒಂದನ್ನೇ ಬದಲಿಸುವುದು ಅವರ ಪದ್ಧತಿ. ಮೊದಲು ಮದ್ದನ್ನು ಕಾಳಿನಷ್ಟು ಹೆಚ್ಚಿಸಿ, ಕಾಳಿನಷ್ಟು ತಗ್ಗಿಸಿ ನೋಡಿದರು. ಅದಾದ ಮೇಲೆ ಗುಂಡನ್ನು ಕೂದಲೆಳೆಯಷ್ಟು ಒಳಕ್ಕೆ, ಕೂದಲೆಳೆಯಷ್ಟು ಹೊರಕ್ಕೆ ಕೂರಿಸಿದರು. ಆಮೇಲೆ ಬೇರೆ ಕ್ಯಾಪು. ಪ್ರತಿ ಬದಲಾವಣೆಗೂ ಗಾಳಿ ಏಳುವ ಮೊದಲೇ ಬೆಳಗ್ಗೆ ಮೈದಾನಕ್ಕೆ ಹೋಗಬೇಕು. ಮೊಂಟಾನಾದ ವಸಂತದಲ್ಲಿ ಗಾಳಿಯಿಲ್ಲದ ಬೆಳಗು ಸಿಗಬೇಕಾದರೆ ಹರಕೆ ಹೊರಬೇಕು. ಸಿಗದೆ ಹೋದ ದಿನ, “ಇವತ್ತು ಹೊಡೆದ್ರೆ ಗಾಳಿ ಹೇಳೋ ಸುಳ್ಳನ್ನ ನಾವು ಕೇಳಿಸ್ಕೊಂಡು ಹೋಗ್ಬೇಕಾಗುತ್ತೆ” ಅಂತ ಹೇಳಿ, ಒಂದು ಗುಂಡೂ ಹಾರಿಸದೆ ಥರ್ಮಾಸಿನ ಕಾಫಿ ಕುಡಿದು ವಾಪಸ್ಸಾಗುತ್ತಿದ್ದೆವು.

ಅವರ ಎದುರಾಳಿ ಗಾರ್ಲೆಂಡ್ ಪೆಟ್ರಿ. ನೂರಾರು ದನಗಳ ಒಡೆಯ, ಗೇಟಿನಾಚೆಯಿಂದಲೇ ಕೇಳುವ ದನಿ, ನಾಲ್ಕು ವರ್ಷದಿಂದ ಬೇಸಿಗೆ ಪಂದ್ಯದ ಬೆಳ್ಳಿ ತಟ್ಟೆ ಅವನ ಮನೆ ಬಿಟ್ಟು ಕದಲಿಲ್ಲ. ಮೈದಾನಕ್ಕೆ ಬಂದು, ಪಿಕಪ್ಪಿನ ಬಾನೆಟ್ಟಿಗೆ ಒರಗಿ ನಿಂತು ಕೆಣಕುವುದು ಅವನಿಗೊಂದು ಖುಷಿ.

“ಏನಮ್ಮ ಆರ್ಡಿಸ್, ಇನ್ನೂ ಏಣಿ ಹತ್ತಿ ಇಳೀತಾನೇ ಇದ್ದೀಯಾ?”

“ಮಾಳಿಗೆ ಸಿಗೋವರೆಗೂ ಹತ್ತಬೇಕಲ್ಲಪ್ಪ.”

“ಎರಡು ಮೂರು ಒಟ್ಟಿಗೆ ಬದಲಾಯ್ಸು. ಒಂದರಲ್ಲಾದ್ರೂ ಹತ್ತುತ್ತೆ. ಈ ಲೆಕ್ಕದಲ್ಲಿ ಹೋದ್ರೆ ನಿನ್ನ ಕೋವಿ ಸರಿಹೋಗೋದ್ರೊಳಗೆ ನನ್ನ ಮೊಮ್ಮಗ ತಟ್ಟೆ ಗೆದ್ದಿರ್ತಾನೆ.”

“ಹತ್ತಿದ್ರೆ ಯಾವುದರಿಂದ ಹತ್ತಿತು ಅಂತ ಹೇಗೆ ಗೊತ್ತಾಗುತ್ತೆ? ಗೊತ್ತಿಲ್ಲದ್ದನ್ನ ಇನ್ನೊಂದ್ಸಲ ಹೇಗೆ ಮಾಡ್ತೀಯ?”

“ಅಯ್ಯೋ, ಗೆದ್ದರೆ ಸಾಕು ಮಾರಾಯ್ತಿ, ಯಾಕೆ ಗೆದ್ದೆ ಅಂತ ಯಾರು ಕೇಳ್ತಾರೆ!”

ಆರ್ಡಿಸ್ ನಕ್ಕು ಚಾಪೆ ಮಡಿಚಿದರು. ಅವರಿಬ್ಬರಿಗೂ ಹೀಗೆ ಆಡಿಕೊಳ್ಳದಿದ್ದರೆ ಉಂಡದ್ದು ಅರಗುವುದಿಲ್ಲ. ಆದರೆ ಆರ್ಡಿಸ್ ಮುಖದಲ್ಲಿ ಆಯಾಸ ಇತ್ತು. ಮದ್ದು, ಗುಂಡು, ಕ್ಯಾಪು ಎಲ್ಲ ಮುಗಿದಿತ್ತು. ತೂತುಗಳು ಇನ್ನೂ ಮೇಲೆ ಕೆಳಗೇ.

ದಾರಿ ಕಂಡದ್ದು ಕೈಗೆ. ಒಂದು ಮಧ್ಯಾಹ್ನ ಹಿತ್ತಾಳೆಯ ಬಾಯಿಗೆ ಗುಂಡು ಒತ್ತುತ್ತ ಕೂತಿದ್ದಾಗ, ಯಂತ್ರದ ಹಿಡಿ ಒಂದು ಸಲ ಬಿಗಿಯಾಗಿ ಇಳಿಯಿತು, ಇನ್ನೊಂದು ಸಲ ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಅಷ್ಟು ದಿನವೂ ಹಾಗೇ ಇಳಿದಿರಬೇಕು. ಕಣ್ಣು ತಕ್ಕಡಿಯ ಮೇಲಿತ್ತು, ಕೈ ಹೇಳಿದ್ದು ಕಿವಿಗೆ ಬಿದ್ದಿರಲಿಲ್ಲ. ಲೆಫ್ಸ ಅನ್ನುವ ಆಲೂಗಡ್ಡೆ ರೊಟ್ಟಿ ಲಟ್ಟಿಸುವಾಗ ಲಟ್ಟಣಿಗೆಯ ಕೆಳಗೆ ಹಿಟ್ಟು ಎಲ್ಲಿ ಬಿರುಸು, ಎಲ್ಲಿ ಮೆದು ಅಂತ ತಿಳಿಯುವ ಕೈ ಅದು. ಆರ್ಡಿಸ್ ಎದ್ದು ಕೈ ತೊಳೆದು ಬಂದು, ಬಿಗಿಯಾಗಿ ಇಳಿದವನ್ನು ಒಂದು ಕಡೆ, ಸಡಿಲವಾದವನ್ನು ಒಂದು ಕಡೆ ಇಟ್ಟರು. ಮರುದಿನ ಬೆಳಗ್ಗೆ ಬೇರೆ ಬೇರೆಯಾಗಿ ಹೊಡೆದರು. ಬಿಗಿಯವು ಮೇಲಿನ ಗುಂಪು, ಸಡಿಲದವು ಕೆಳಗಿನ ಗುಂಪು. ಗುಂಡಿಯಲ್ಲಿ ಕೂತ ನನಗೇ ರೋಮಾಂಚನವಾಯಿತು.

ಹೊಡೆದು ಹೊಡೆದು ಹಿತ್ತಾಳೆಯ ಕತ್ತು ಗಡುಸಾಗುತ್ತದೆ, ಎಲ್ಲದೂ ಒಂದೇ ಸಮ ಅಲ್ಲ. ಗುಂಡನ್ನು ಒಂದು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ, ಒಂದು ಸಡಿಲವಾಗಿ. ಆರ್ಡಿಸ್ ಹಾಡುಹಗಲಲ್ಲಿ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದರು. ಒಂದೊಂದೇ ಖಾಲಿ ಕೊಳವೆಯ ಕತ್ತನ್ನು ಉರಿಯಲ್ಲಿ ತಿರುಗಿಸುತ್ತ, ಕೆಂಪು ಇಣುಕುವ ಗಳಿಗೆಯಲ್ಲೇ ಸರಕ್ಕನೆ ಹೊರಗೆಳೆದರು. ಹೀಗೆ ಎಲ್ಲವನ್ನೂ ಒಂದೇ ಹದಕ್ಕೆ ತಂದರು. ಆಮೇಲೆ ಮದ್ದಿನ ಅಳತೆಯನ್ನು ಮತ್ತೊಮ್ಮೆ ಮೊದಲಿಂದ ಹುಡುಕಿದರು. ವಸಂತದ ಕೊನೆಗೆ ಲೈಲಾಕ್ ಹೂ ಬಿಡುವ ಹೊತ್ತಿಗೆ ನಾನು ಗುಂಡಿಯಲ್ಲಿ ಇಳಿಸಿದ ಹಲಗೆಯ ಮೇಲೆ ತೂತುಗಳು ಒಂದು ಗೆರೆ ಎಳೆದ ಹಾಗೆ ಅಡ್ಡಕ್ಕೆ ಬಿದ್ದಿದ್ದವು. ಮೇಲೆ ಕೆಳಗೆ ಏನೂ ಇಲ್ಲ. ಇನ್ನು ಉಳಿದದ್ದು ಗಾಳಿ ಮಾತ್ರ, ಅದು ದೇವರ ಲೆಕ್ಕ.

ಬೇಸಿಗೆ ಪಂದ್ಯ ಎರಡು ದಿನದ್ದು. ನೆರೆರಾಜ್ಯಗಳಾದ ಎರಡೂ ಡಕೋಟಾಗಳಿಂದ, ವಯೋಮಿಂಗಿನಿಂದ ಜನ ಬರುತ್ತಾರೆ. ಮೈದಾನದ ಪಕ್ಕ ಡೇರೆ, ಟ್ರೇಲರು, ನಾಯಿಗಳು. ಶನಿವಾರ ಗಾಳಿ ಎಡದಿಂದ ಬಲಕ್ಕೆ, ಮತ್ತೆ ಬಲದಿಂದ ಎಡಕ್ಕೆ ತೂಗಾಡುತ್ತಿತ್ತು. ಸಂಜೆ ಅಂಕ ಹಾಕಿದಾಗ ಆರ್ಡಿಸ್ ಮೊದಲು, ಗಾರ್ಲೆಂಡ್ ಅವರ ಹಿಂದೆ.

“ಹಳೇ ಕೋಳಿ ಸೂಪಿಗೆ ರುಚಿ ಜಾಸ್ತಿ ಅಂತಾರೆ,” ಅಂದ ಗಾರ್ಲೆಂಡ್, ಹ್ಯಾಟು ಹಿಂದಕ್ಕೆ ತಳ್ಳುತ್ತ. “ನಾಳೆ ಸೂಪು ಮಾಡ್ತೀನಿ ನೋಡು.”

“ಒಲೆ ನಾನೇ ಹಚ್ಚಿಕೊಡ್ತೀನಿ, ಬಾ.”

ಭಾನುವಾರ ಸರದಿಯ ಪ್ರಕಾರ ಇಬ್ಬರ ಚಾಪೆಯೂ ಅಕ್ಕಪಕ್ಕ ಬಿದ್ದಿತ್ತು. ನಾನು ಬೆಳಗ್ಗೆಯೇ ಗುಂಡಿಗೆ ಇಳಿದೆ. ಅವರ ಹಲಗೆ ಹಿಡಿದಿದ್ದವನು ನಾನೇ. ಹೊಡೆಯಬಹುದೆಂದು ಆಜ್ಞೆಯಾಯಿತು. ಎಡಕ್ಕೆ ಬಲಕ್ಕೆ ಛಟೀರ್ ಛಟೀರ್ ಶುರುವಾಯಿತು. ನನ್ನ ಹಲಗೆಗೆ ಏನೂ ಬರಲಿಲ್ಲ. ಗಾಳಿ ಕಾಯುತ್ತಿರಬೇಕು ಅಂದುಕೊಂಡೆ. ಪಕ್ಕದ ಹಲಗೆಯವನು ಗಾರ್ಲೆಂಡನ ಗುಂಡುಗಳಿಗೆ ಬಿಲ್ಲೆ ಸಿಕ್ಕಿಸಿ ಸಿಕ್ಕಿಸಿ ಬೆವೆತ. ನಾನು ಕತ್ತೆತ್ತಿ ಕಾಗದವನ್ನೇ ನೋಡುತ್ತಿದ್ದೆ. ಅದು ಬೆಳ್ಳಗೆ, ಒಂದು ತೂತೂ ಇಲ್ಲದೆ, ಬಿಸಿಲಿಗೆ ಹೊಳೆಯುತ್ತಿತ್ತು. ಹೊತ್ತು ಮುಗಿಯಿತು. ಹಲಗೆ ಇಳಿಸಿದೆ. ಅವರಿಗೇನಾದರೂ ಆಯಿತೇನೋ, ಎದೆನೋವೇ, ಬಿದ್ದರೇ?

ಓಡುವ ವಯಸ್ಸು ನನ್ನದಲ್ಲ, ಆದರೂ ಪಿಕಪ್ಪಿನ ತನಕ ಓಡಿದೆ. ಈಚೆ ತುದಿಗೆ ಬಂದು ನೋಡಿದರೆ ಮಿಸೆಸ್ ಬ್ರೆಕ್ಕಿ ಊಟದ ಡೇರೆಯ ಕೆಳಗೆ, ಅಂಗಿಯ ತೋಳು ಮಡಿಚಿ, ಪ್ಯಾನ್‌ಕೇಕ್ ಸುಟ್ಟ ಕಾವಲಿಯನ್ನು ತಿಕ್ಕಿ ತೊಳೆಯುತ್ತ ನಿಂತಿದ್ದಾರೆ!

ಆಗಿದ್ದು ಹೀಗೆ. ಬೆಳಗಿನ ತಿಂಡಿಗೆ ವೆಂಡೆಲ್ ತಮ್ಮ ಜೇನುತುಪ್ಪ ಹಂಚುತ್ತ, ಕೂತವರಿಗೆ ಆ ವಾರದ ಕಥೆ ಹೇಳಿದ್ದರು. ಬುಧವಾರ ಒಂದು ಜೇನುಹಿಂಡು ಗೂಡು ಬಿಟ್ಟೆದ್ದು ಪಕ್ಕದ ಮನೆಯ ಅಂಚೆಪೆಟ್ಟಿಗೆಗೆ ಮುತ್ತಿತಂತೆ. ವೆಂಡೆಲ್ ಬೊಬ್ಬೆ ಹಾಕಿದರಂತೆ.

“ಇವಳು ಒಳಗೆ ಭಾನುವಾರದ ತೋಟಾ ತುಂಬೋಕೆ ಆಗತಾನೆ ಕೂತಿದ್ಲು. ನನ್ನ ಕೂಗು ಕೇಳಿ ಮದ್ದಿನ ಡಬ್ಬ ಕೈಲಿ ಹಿಡ್ಕೊಂಡೇ ಓಡಿಬಂದ್ಲು ನೋಡಿ! ಜೇನಿಗೆ ಗುಂಡು ಹೊಡೀತಾಳೇನೋ ಅಂತ ನನಗೆ ಗಾಬರಿ! ಅಂಚೆಯವಳು ಗಾಡಿ ಒಳಗೆ ಗಾಜು ಏರಿಸ್ಕೊಂಡು ಅಳ್ತಾ ಕೂತಿದ್ಲು.”

ಎಲ್ಲರೂ ನಕ್ಕರು. ಆರ್ಡಿಸ್ ಕೂಡ ನಕ್ಕರು. ಆಮೇಲೆ ಕಾಫಿಯ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

“ವೆಂಡೆಲ್, ಆ ಡಬ್ಬ ನಾನು ಎಲ್ಲಿಟ್ಟೆ?”

“ವರಾಂಡದ ಕಟ್ಟೆ ಮೇಲೆ. ನಾನೇ ಒಳಗೆ ತಂದು ಬೆಂಚಿನ ಮೇಲಿಟ್ಟೆನಲ್ಲ.”

“ಕಟ್ಟೆ ಮೇಲಿದ್ದದ್ದನ್ನೇ ತಂದಿಟ್ಟೆಯಾ?”

“ಹೂಂ. ಅಲ್ಲ… ಅದನ್ನ ಕಪಾಟಲ್ಲಿಟ್ಟು ಬೇರೇದು ತೆಗೆದ್ನಾ? ಗೋಫರ್ ಕೋವೀದು ಅಲ್ಲೇ ಇತ್ತಲ್ಲ. ಯಾಕೆ, ಅದರ ಮೇಲೆ ಹೆಸರಿರುತ್ತಲ್ಲ?”

ಇರುತ್ತದೆ. ಬೆಂಚಿಗೆ ಕೂರುವಾಗ ಪ್ರತಿ ಸಲವೂ ಅವರು ಡಬ್ಬದ ಹೆಸರನ್ನು ಗಟ್ಟಿಯಾಗಿ ಓದಿಕೊಳ್ಳುತ್ತಾರೆ, ಯಾರೂ ಇಲ್ಲದಿದ್ದರೂ. ಬುಧವಾರ, ಜೇನಿನ ಗಲಾಟೆ ಮುಗಿಸಿ ವಾಪಸ್ಸು ಕೂತಾಗ ಓದಿದ್ದರೇ? ಎಷ್ಟು ನೆನಪಿಸಿಕೊಂಡರೂ ಆ ದನಿ ನೆನಪಾಗಲಿಲ್ಲ. ನೆಲ ತೋಡುವ ಗೋಫರ್ ಇಲಿಗಳನ್ನು ಹೊಡೆಯುವ ಸಣ್ಣ ಕೋವಿಯ ಮದ್ದು ಬೇಗ ಉರಿಯುವಂಥದ್ದು. ಬಣ್ಣವೂ ಆಕಾರವೂ ಹೆಚ್ಚುಕಡಿಮೆ ಇದರದ್ದೇ. ಅದನ್ನು ಈ ದೊಡ್ಡ ತೋಟಾದ ಅಳತೆಗೆ ತುಂಬಿದರೆ ಕೋವಿ ಕೋವಿಯಾಗಿ ಉಳಿಯುವುದಿಲ್ಲ.

ಶನಿವಾರ ಹೊಡೆದವು ಅದಕ್ಕೆ ಮುಂಚೆಯೇ ತುಂಬಿದವು. ಭಾನುವಾರದವೆಲ್ಲ ಜೇನೆದ್ದ ಮೇಲಿನವು. ಪಿಕಪ್ಪಿನಲ್ಲಿ ಕೂತು, ಮೊಣಕಾಲ ಮೇಲೆ ತೋಟಾದ ಪೆಟ್ಟಿಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ನೋಡಿದರಂತೆ. ಆಮೇಲೆ ಪಂದ್ಯದ ಮುಖ್ಯಸ್ಥ ಲವರ್ನ್ ಹತ್ತಿರ ಹೋಗಿ, “ಇವತ್ತು ನಾನು ಹೊಡೆಯಲ್ಲ” ಅಂದರು. ಲವರ್ನ್ ಗಲಿಬಿಲಿಯಲ್ಲಿ ಗುಂಡಿಗೆ ಸುದ್ದಿ ಕಳಿಸುವುದನ್ನೇ ಮರೆತಿದ್ದ.

ಗಾರ್ಲೆಂಡ್ ಚಾಪೆ ಹಾಸುತ್ತಿದ್ದವನು ಎದ್ದು ಬಂದನಂತೆ. “ಏನೇ ಇದು? ಗಾಳಿ ನೋಡಿ ಕೈಕಾಲು ತಣ್ಣಗಾಯ್ತಾ?”

“ತೋಟಾ ಮೇಲೆ ಅನುಮಾನ.”

“ಎಂಥ ಅನುಮಾನ? ನಿನ್ನೆ ಹೊಡೆದ್ಯಲ್ಲ ಗಿಡುಗನ ಹಾಗೆ!”

“ಅವು ಬೇರೆ, ಇವು ಬೇರೆ.”

“ನನ್ನ ಇನ್ನೊಂದು ಕೋವಿ ಗಾಡೀಲಿದೆ, ತಗೋ. ತೋಟಾನೂ ಇದೆ. ನಿನ್ನ ಸೋಲಿಸೋದಾದ್ರೆ ಹೊಡೆಸಿ ಸೋಲಿಸ್ಬೇಕು, ಕೂರಿಸಿ ಅಲ್ಲ.”

ಇದನ್ನು ಅವನು ಮನಸಾರೆ ಹೇಳಿದ. ಒರಟನಾದರೂ ಸಣ್ಣ ಮನುಷ್ಯನಲ್ಲ.

“ಪರಿಚಯ ಇಲ್ಲದ ಕುದುರೆ ಹತ್ತಿ ಪಂದ್ಯಕ್ಕಿಳಿಯೋಳಲ್ಲ ನಾನು. ಹೋಗು, ನಿನ್ನ ಸರದಿ ಬಂತು,” ಅಂದು ಆರ್ಡಿಸ್ ಡೇರೆಯ ಕಡೆ ನಡೆದರು.

ತಟ್ಟೆ ಮತ್ತೆ ಗಾರ್ಲೆಂಡನ ಪಾಲಾಯಿತು. ಚಪ್ಪಾಳೆ ತಟ್ಟಿದವರಲ್ಲಿ ಆರ್ಡಿಸ್ ಮುಂದಿದ್ದರು. ಜನ ಮಾತ್ರ ಆಡಿಕೊಂಡರು. ವಯಸ್ಸಾಯಿತು ಅಂದರು ಕೆಲವರು. ಗೆಲ್ಲುವ ಒತ್ತಡ ತಡೆಯಲಿಲ್ಲ, ಅದಕ್ಕೊಂದು ನೆವ ಅಂದರು ಇನ್ನು ಕೆಲವರು. ಮನೆಗೆ ಹೋಗುವಾಗ ಗಾಡಿ ಓಡಿಸಿದ್ದು ವೆಂಡೆಲ್. ಗೇಟಿನ ಹತ್ತಿರ ಗಾಡಿ ನಿಲ್ಲಿಸಿ, “ನನ್ನ ಹಾಳು ಬಾಯಿ ಆರ್ಡಿಸ್” ಅಂದರಂತೆ. “ಸುಮ್ಮನಿದ್ದಿದ್ರೆ ನೀನು ಗೆಲ್ತಿದ್ದೆ.”

“ಸುಮ್ಮನಿದ್ದಿದ್ರೆ ಏನಾಗ್ತಿತ್ತೋ ಯಾರಿಗ್ಗೊತ್ತು? ನಿನ್ನ ಬಾಯಿಗೆ ಜೇನು ಹಾಕ್ಬೇಕು. ಇಳಿದು ಗೇಟು ತೆಗಿ.”

ಮರುದಿನ ಸಂಜೆ ನಾನು ಅವರ ಮನೆಗೆ ಹೋದೆ. ಒಗೆಯುವ ಕೋಣೆಯಲ್ಲಿ ತೋಟಾಗಳನ್ನು ಬಿಚ್ಚುತ್ತಿದ್ದರು. ಸುತ್ತಿಗೆಯಾಕಾರದ ಟೊಳ್ಳು ಸಾಧನದೊಳಗೆ ತೋಟಾ ಸಿಕ್ಕಿಸಿ ನೆಲಕ್ಕೆ ಬಡಿದರೆ ಗುಂಡೂ ಮದ್ದೂ ಕಳಚಿ ಬೀಳುತ್ತವೆ. ಬಿದ್ದ ಮದ್ದನ್ನು ಬಿಳಿಯ ಬಸಿಗೆ ಸುರಿದು, ಪಕ್ಕದಲ್ಲಿ ಎರಡೂ ಡಬ್ಬಗಳ ಮದ್ದಿನ ಮಾದರಿ ಇಟ್ಟು, ಭೂತಗನ್ನಡಿಯಲ್ಲಿ ಕಾಳುಕಾಳಾಗಿ ಹೋಲಿಸಿ ನೋಡುತ್ತಿದ್ದರು. ನಾನು ಹೋದ ಸ್ವಲ್ಪ ಹೊತ್ತಿಗೆ ಹೊರಗೆ ಪಿಕಪ್ಪಿನ ಸದ್ದಾಯಿತು. ಗಾರ್ಲೆಂಡ್ ಒಳಗೆ ಬಂದ. ಅವನ ಭುಜಕ್ಕೆ ಆ ಕೋಣೆ ಸಾಲದು. ವಾಷಿಂಗ್ ಮಷೀನಿಗೆ ಒರಗಿ ನಿಂತು ನೋಡಿದ.

ಕೊನೆಯ ಬಸಿಯನ್ನೂ ನೋಡಿ ಮುಗಿಸಿ ಅವರು ಕನ್ನಡಿ ಕೆಳಗಿಟ್ಟರು.

“ಎಲ್ಲ ಸರಿಯಾಗೇ ಇದೆ,” ಅಂದರು. “ವೆಂಡೆಲ್ ಸರಿಯಾದ ಡಬ್ಬಾನೇ ತಂದಿಟ್ಟಿದ್ದ.”

ನನಗೆ ಅಳು ಬಂದಂತಾಯಿತು. ಇಡೀ ವಸಂತದ ದುಡಿಮೆ, ಆ ಕೆಂಪಗೆ ಕಾಯಿಸಿದ ಹಿತ್ತಾಳೆ, ಗಾಳಿ ಕಾದ ಬೆಳಗುಗಳು, ಎಲ್ಲ ಒಂದು ಸುಳ್ಳು ಅನುಮಾನಕ್ಕೆ ಹೋಯಿತಲ್ಲ!

ಗಾರ್ಲೆಂಡ್ ಸಿಡುಕಿದ. “ನೋಡಿದ್ಯಾ? ತಟ್ಟೆ ನಿಂದೇ ಆಗ್ತಿತ್ತು! ಒಂದೇ ಒಂದು ಗುಂಡು ಹೊಡೆದು ನೋಡಿದ್ರೆ ಗೊತ್ತಾಗಿಬಿಡ್ತಿತ್ತಲ್ಲೇ. ಸರಿ ಇದ್ರೆ ಮುಂದುವರಿಸೋದು.”

“ಸರಿ ಇಲ್ದಿದ್ರೆ?”

“ಇಲ್ದಿದ್ರೆ… ಅದು ನಿನ್ನ ಕೋವಿ, ನಿನ್ನ ಮುಖ. ನಿನಗೆ ಬಿಟ್ಟಿದ್ದು.”

“ನನ್ನ ಬಲಕ್ಕೆ ಮಲಗಿದ್ದೋರು ಯಾರು ಗಾರ್ಲೆಂಡ್?”

ಒರಗಿದ್ದವನು ನೆಟ್ಟಗೆ ನಿಂತ. ಬಲಕ್ಕೆ ಮಲಗಿದ್ದವನು ಅವನೇ. ಒಂದು ತೋಳಿನಳತೆ ದೂರದಲ್ಲಿ, ಕೆನ್ನೆ ಹಿಡಿಗೆ ಒತ್ತಿ, ಒಂದು ಕಣ್ಣು ಮುಚ್ಚಿ.

“ಈಗ ಸರಿ ಇತ್ತು ಅಂತ ಗೊತ್ತಾಯ್ತು,” ಆರ್ಡಿಸ್ ಬಸಿಗಳನ್ನು ಒಂದರ ಮೇಲೊಂದು ಜೋಡಿಸುತ್ತ ಹೇಳಿದರು. “ನಿನ್ನೆ ಗೊತ್ತಿರ್ಲಿಲ್ಲ. ನಿನ್ನೆ ನನಗೇನು ಗೊತ್ತಿತ್ತೋ ಅಷ್ಟರಲ್ಲಿ ಮಾಡ್ಬೇಕಾದ್ದು ಮಾಡ್ದೆ. ಅದಕ್ಕೆ ಯಾಕೆ ಅಳು ಮುಖ? ಕಾಫಿ ಬೇಕಾ ಇಬ್ಬರಿಗೂ?”

ಗಾರ್ಲೆಂಡ್ ಹ್ಯಾಟು ತೆಗೆದು ಒಣಬಟ್ಟೆಗಳ ಮೇಲಿಟ್ಟ. ಅವನು ಒಳಗೆ ಹ್ಯಾಟು ತೆಗೆದದ್ದನ್ನು ನಾನು ಚರ್ಚಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡಿರಲಿಲ್ಲ. “ಬೇಕು,” ಅಂದ. ಅಷ್ಟೇ.

ಆ ಮದ್ದನ್ನು ಮತ್ತೆ ಡಬ್ಬಕ್ಕೆ ಸುರಿಯಬಹುದಿತ್ತು, ಸರಿಯಾದದ್ದೇ ತಾನೆ. ಅವರು ಸುರಿಯಲಿಲ್ಲ. ಒಮ್ಮೆ ಅನುಮಾನಕ್ಕೆ ಬಿದ್ದದ್ದು ಡಬ್ಬಕ್ಕೆ ವಾಪಸ್ಸಿಲ್ಲ ಅಂತ ಹಿತ್ತಲಿಗೆ ಒಯ್ದು, ಹುಳಿ ದಂಟಿನ ರೂಬಾರ್ಬ್ ಗಿಡಗಳ ಬುಡಕ್ಕೆ ತೆಳ್ಳಗೆ ಎರಚಿ, ಮೇಲೆ ನೀರು ಬಿಟ್ಟರು. ಗಿಡಕ್ಕೆ ಅದು ಗೊಬ್ಬರವಂತೆ, ಹಳಬರ ಮಾತು.

“ಈ ವರ್ಷ ರೂಬಾರ್ಬ್ ಕಡುಬು ತಿನ್ನೋವಾಗ ಯಾರೂ ಒಲೆ ಹತ್ರ ಕೂರಬೇಡಿ,” ಅಂದರು ವೆಂಡೆಲ್. ಭಾನುವಾರದ ಜೇನಿನ ಕಥೆಯಾದ ಮೇಲೆ ಅವರ ಬಾಯಲ್ಲಿ ಬಂದ ಮೊದಲ ಹಾಸ್ಯ ಅದು. ಆರ್ಡಿಸ್ ಸೊಂಟ ಹಿಡಿದುಕೊಂಡು ನಕ್ಕರು.

ಬೇಸಿಗೆ ಪಂದ್ಯದಲ್ಲಿ ಅವರು ಆಮೇಲೆ ಯಾವತ್ತೂ ಮೊದಲ ಸ್ಥಾನಕ್ಕೆ ಬರಲಿಲ್ಲ. ಒಂದು ವರ್ಷ ಗಾಳಿ ಕೈಕೊಟ್ಟಿತು, ಇನ್ನೊಂದು ವರ್ಷ ನಾರ್ತ್ ಡಕೋಟಾದಿಂದ ಬಂದ ಒಬ್ಬ ದಂತವೈದ್ಯೆ ಎಲ್ಲರನ್ನೂ ಗುಡಿಸಿಹಾಕಿದಳು. ಆದರೆ ಆ ವರ್ಷದ ಅಕ್ಟೋಬರಿನಲ್ಲಿ ನಮ್ಮ ಕ್ಲಬ್ಬಿನ ಸಣ್ಣ ಪಂದ್ಯ ನಡೆದದ್ದನ್ನು ಹೇಳಬೇಕು. ಬಂದವರು ಒಂದು ಮೇಜಿನ ಸುತ್ತ ಕೂರುವಷ್ಟೇ ಜನ. ತಟ್ಟೆ ಗಿಟ್ಟೆ ಏನಿಲ್ಲ, ಗೆದ್ದವರು ಚಿಲ್ಲಿಯ ಪಾತ್ರೆ ತೊಳೆಯುವ ಹಾಗಿಲ್ಲ, ಅದೇ ಬಹುಮಾನ. ಹುಲ್ಲು ಹಳದಿಯಾಗಿತ್ತು, ದೂರದ ಬೆಟ್ಟಗಳಿಗೆ ಹೊಸ ಹಿಮ ಬಿದ್ದಿತ್ತು. ಬೀಸುಗಾಳಿ ಒಂದೇ ಸಮನೆ ಎಡದಿಂದ ಬರುತ್ತಿತ್ತು.

ಅವರು ಹೊಸದಾಗಿ ತುಂಬಿ ತಂದಿದ್ದರು. ಮೊದಲ ಗುಂಡು ನಡುವಿಗೆ ಬಿತ್ತು. ಬಿಲ್ಲೆ ಸಿಕ್ಕಿಸಿ ಎತ್ತಿದೆ. ಎರಡನೆಯದು ಬಿಲ್ಲೆಯನ್ನೇ ಹಾರಿಸಿಕೊಂಡು ಹೋಯಿತು. ಇನ್ನೊಂದು ಬಿಲ್ಲೆ ಇಟ್ಟೆ. ಹೀಗೆ ಎತ್ತುತ್ತಾ ಇಳಿಸುತ್ತಾ, ಎಷ್ಟೋ ಹೊತ್ತು ಆ ನಡುವಿನ ಕರಿಯ ವೃತ್ತ ಬಿಟ್ಟು ಅವರ ಗುಂಡು ಆಚೆ ಕಾಲಿಡಲಿಲ್ಲ. ಕೊನೆಗೆ ಎರಡು ಮಾತ್ರ ಗಾಳಿಗೆ ಸಿಕ್ಕಿ ಸ್ವಲ್ಪ ಬಲಕ್ಕೆ ಜಾರಿದವು, ಅದೂ ಅದೇ ಮಟ್ಟದಲ್ಲಿ. ಇಷ್ಟು ವರ್ಷ ಗುಂಡಿಯಲ್ಲಿ ಕೂತಿದ್ದೇನೆ, ಅಂಥ ಹಲಗೆಯನ್ನು ನಾನು ಮತ್ತೆ ಇಳಿಸಿಲ್ಲ. ಕಾಗದವನ್ನು ಹರಿಯದ ಹಾಗೆ ಮೆಲ್ಲಗೆ ಬಿಡಿಸಿಕೊಂಡೆ.

ಈಚೆ ತಂದು ಗಾಡಿಯ ಬಾನೆಟ್ಟಿನ ಮೇಲೆ ಹರಡಿದೆ. ಎಲ್ಲರೂ ಸುತ್ತ ನಿಂತರು. ಗಾರ್ಲೆಂಡ್ ಬಗ್ಗಿ, ತೋರುಬೆರಳನ್ನು ತೂತುಗಳ ಮೇಲೆ ಒಂದು ಸಲ ಆಡಿಸಿದ. ಇಷ್ಟು ದಿನ ಅವನ ಬಾಯಿಂದ ಕೆಣಕಲಲ್ಲದೆ ಬೇರೆ ಮಾತು ಕೇಳಿರದ ನಾವು ಕಾಯುತ್ತ ನಿಂತೆವು.

“ಮಿಸೆಸ್ ಬ್ರೆಕ್ಕಿ,” ಅಂದ. ಅವರಿಗಿಂತ ನಾಲ್ಕೈದೇ ವರ್ಷ ಕಿರಿಯವ, ಅವರ ಸಾಲಿನಲ್ಲಿ ತಟ್ಟೆ ಹಿಡಿದು ನಿಂತವನೂ ಅಲ್ಲ. “ಶನಿವಾರ ನನ್ನ ಹಿತ್ತಾಳೆ ತಗೊಂಡು ಬರಲಾ? ಕತ್ತು ಕಾಯಿಸೋದನ್ನ ಸ್ವಲ್ಪ ತೋರಿಸ್ಬೇಕು ನೀವು.”

“ಬಾ. ಆದ್ರೆ ಒಂದು ಸಲಕ್ಕೆ ಒಂದೇ ಬದಲಾಯ್ಸೋದು. ಆತುರಪಟ್ರೆ ಆಚೆ ಕಳಿಸ್ತೀನಿ.”

“ಪಡಲ್ಲ.”

“ಪಡ್ತೀಯ. ನಿನ್ನ ಕಂಡಿಲ್ವೇ ನಾನು? ಹೋಗು, ಮೊದಲು ಆ ಚಿಲ್ಲಿ ಪಾತ್ರೆ ತೊಳಿ.”

ಗಾರ್ಲೆಂಡ್ ಪೆಟ್ರಿ ಅಂಗಿಯ ತೋಳು ಮಡಿಚಿಕೊಂಡು ಪಾತ್ರೆಯ ಕಡೆ ಹೊರಟ. ಮಿಸೆಸ್ ಬ್ರೆಕ್ಕಿ ಗಾಡಿಯ ಹಿಂಬದಿಯ ಹಲಗೆ ಇಳಿಸಿ ಕೂತು, ಉಣ್ಣೆಯ ಕೈಗವಸು ಹಾಕಿಕೊಂಡು, ವೆಂಡೆಲ್ ಕೊಟ್ಟ ಚಿಲ್ಲಿಯ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಊದಿ ಊದಿ ತಿನ್ನತೊಡಗಿದರು. ಉಪ್ಪು ಸ್ವಲ್ಪ ಕಡಿಮೆ ಅಂದರು.